ಗಿರಣಿ ನಿಂತ ಮೇಲೆ: ಬೆಂಗಳೂರಿನ ಮೂರು ಬಟ್ಟೆ ಗಿರಣಿಗಳ ಕಟ್ಟಡ, ಜಾಗ ಮತ್ತು ಹೆಸರು

ಮಲ್ಲೇಶ್ವರದ ಸಂಪಿಗೆ ರಸ್ತೆಯ ದಕ್ಷಿಣದ ತುದಿಯಲ್ಲಿ ಈಗ ಮಂತ್ರಿ ಸ್ಕ್ವೇರ್ ಮಾಲ್ ಇರುವ ಜಾಗವನ್ನು ಹಳಬರು ಇಂದಿಗೂ ರಾಜಾ ಮಿಲ್ ಎಂದೇ ಗುರುತಿಸುತ್ತಾರೆ. ಅಲ್ಲಿಂದ ರೈಲು ಹಳಿಯ ಗುಂಟ ದಕ್ಷಿಣಕ್ಕೆ ಬಂದು, ನಗರ ರೈಲು ನಿಲ್ದಾಣದ ಹಿಂಬದಿಗೆ ಮಾಗಡಿ ರಸ್ತೆಯ ಕಡೆಗೆ ಹೊರಳಿದರೆ ಗೋಪಾಲಪುರದ ಬಳಿ ಮಿನರ್ವ ಮಿಲ್ಲಿನ ಆವರಣ, ಅದಕ್ಕೂ ಆಚೆಗೆ ಬಿನ್ನಿ ಮಿಲ್ಲಿನ ಹೆಸರನ್ನೇ ಹೊತ್ತ ಬಿನ್ನಿಪೇಟೆ. ಎರಡು ಮೂರು ಕಿಲೋಮೀಟರುಗಳ ಅಂತರದಲ್ಲಿದ್ದ ಈ ಮೂರೂ ಬಟ್ಟೆ ಗಿರಣಿಗಳು. ಮೂರೂ ಒಂದೇ ಬಗೆಯ ಕಾರಣಗಳಿಂದ ಸೊರಗಿ ನಿಂತವು. ಆದರೆ ನಿಂತ ಮೇಲೆ ಒಂದು ಮಾಲ್ ಆಯಿತು, ಒಂದು ಬಹುಮಹಡಿ ವಸತಿ ಸಮುಚ್ಚಯವಾಯಿತು, ಇನ್ನೊಂದು ಸಿನಿಮಾದವರ ಸೆಟ್ ಹಾಕುವ ಜಾಗವಾಯಿತು. ಹೀಗೆ ಮೂರು ದಾರಿ ಹಿಡಿದದ್ದು ಹೇಗೆ ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾದ ಪ್ರಶ್ನೆಯಲ್ಲ.

ಇದನ್ನು ಅರ್ಥಮಾಡಿಕೊಳ್ಳಬೇಕಾದರೆ ಗಿರಣಿ ಎಂಬ ಒಂದೇ ಮಾತಿನೊಳಗೆ ಸೇರಿಕೊಂಡಿರುವ ಮೂರು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡಬೇಕಾಗುತ್ತದೆ. ಮೊದಲನೆಯದು ಯಂತ್ರಗಳಿಗೆ ಮೈಯಾಗಿ ಕಟ್ಟಿದ ಕಟ್ಟಡ. ಎರಡನೆಯದು ಆ ಕಟ್ಟಡ ಕೂತಿರುವ ಜಾಗ. ಮೂರನೆಯದು ಎರಡಕ್ಕೂ ಒಡೆತನ ಹೊಂದಿರುವ, ಕಾಗದದ ಮೇಲೆ ಬದುಕುವ ಕಂಪನಿ. ಗಿರಣಿ ನಡೆಯುತ್ತಿರುವಷ್ಟು ದಿನ ಈ ಮೂರೂ ಒಂದೇ ಎಂಬಂತೆ ತೋರುತ್ತವೆ. ನಿಂತ ದಿನದಿಂದ ಪ್ರತಿಯೊಂದಕ್ಕೂ ಬೇರೆಯೇ ಬೆಲೆ, ಬೇರೆಯೇ ಕಾನೂನು, ಬೇರೆಯೇ ಆಯುಷ್ಯ. ಬೆಂಗಳೂರಿನಲ್ಲಿ ಉಳಿದಿರುವ ಗಿರಣಿ ಕಟ್ಟಡ ಉಳಿದಿರುವುದು ಯಾರೋ ಅದನ್ನು ಉಳಿಸಬೇಕೆಂದು ನಿರ್ಧರಿಸಿದ್ದರಿಂದಲ್ಲ, ಅದನ್ನು ಏನು ಮಾಡಬೇಕೆಂದು ನಿರ್ಧರಿಸಲು ತಡವಾದದ್ದರಿಂದ ಎಂಬುದು ಈ ಮೂರು ಎಳೆಗಳನ್ನು ಹಿಡಿದು ನಡೆದಾಗ ನನಗೆ ಕಾಣುವ ಸಂಗತಿ. (ಜೆ.ಸಿ. ರಸ್ತೆಯ ಕಡೆಯ ಮಿನರ್ವ ವೃತ್ತಕ್ಕೂ ಈ ಗಿರಣಿಗೂ ಸಂಬಂಧವಿಲ್ಲ. ಆ ವೃತ್ತಕ್ಕೆ ಹೆಸರು ಬಂದದ್ದು ಅಲ್ಲಿದ್ದ ಚಿತ್ರಮಂದಿರದಿಂದ.)

ಗಿರಣಿಗಳು ಊರಿನ ಈ ಭಾಗದಲ್ಲೇ ಬಂದು ಕೂತದ್ದಕ್ಕೆ ಮುಖ್ಯ ಕಾರಣ ರೈಲು. ಜೋಲಾರ್‌ಪೇಟೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ. ಮೈಸೂರಿನ ಕಡೆಗೆ ಮೀಟರ್ ಗೇಜ್ ಹಳಿ 1881-82ರಲ್ಲಿ, ತುಮಕೂರಿನ ಕಡೆಗೆ 1884ರಲ್ಲಿ ತೆರೆಯಿತು. ಹಳೆಯ ಪೇಟೆಯ ಪಶ್ಚಿಮದ ಅಂಚು ಈ ಹಳಿಗಳು ಕೂಡುವ ಜಾಗವಾಯಿತು. ಅರಳೆಯ ಬೇಲುಗಳು ಬರಬೇಕು, ಬಾಯ್ಲರಿಗೆ ಸೌದೆ ಅಥವಾ ಕಲ್ಲಿದ್ದಲು ಬರಬೇಕು, ನೂಲು ಮತ್ತು ಬಟ್ಟೆ ಹೊರಗೆ ಹೋಗಬೇಕು. ಇಷ್ಟನ್ನೂ ಎತ್ತಿನ ಗಾಡಿಯಲ್ಲಿ ಬಹುದೂರ ಸಾಗಿಸಿ ಲಾಭ ಕಾಣುವುದು ಸಾಧ್ಯವಿರಲಿಲ್ಲ. ಎರಡನೆಯ ಅಗತ್ಯ ನೀರು. ಹಬೆ ಮಾಡಲು, ಹಬೆಯನ್ನು ಮತ್ತೆ ತಣಿಸಲು, ಬಟ್ಟೆ ತೊಳೆಯಲು, ಬಣ್ಣ ಕಟ್ಟಲು, ಎಲ್ಲಕ್ಕೂ ನೀರು ಬೇಕು. ನದಿಯಿಲ್ಲದ ಬೆಂಗಳೂರಿನಲ್ಲಿ ನೀರೆಂದರೆ ಕೆರೆ. ಬಿನ್ನಿ ಮಿಲ್ಲಿನ ಮಗ್ಗುಲಲ್ಲಿ ಕೆರೆಯಿದ್ದುದರ ಗುರುತು ಆ ಭಾಗದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಇನ್ನೂ ಇದೆ. ಮೂರನೆಯದಾಗಿ ನೇಯ್ಗೆ ಬಲ್ಲ ಜನ. ಕಾಟನ್‌ಪೇಟೆ, ಕಬ್ಬನ್‌ಪೇಟೆಗಳ ನೇಕಾರರು ಗಿರಣಿಗೆ ಕೂಲಿಗಳಾಗಿ ಹೋಗಲು ಹಾತೊರೆಯುತ್ತಿದ್ದರು ಎಂದು ಇದರ ಅರ್ಥವಲ್ಲ. ಆದರೆ ನೂಲು, ಬಣ್ಣ, ಬಟ್ಟೆಯ ವ್ಯಾಪಾರ ಬಲ್ಲ ಒಂದು ಪೇಟೆ ಪಕ್ಕದಲ್ಲೇ ಇತ್ತು.

ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಕಂಪನಿ 1884ರಲ್ಲಿ ಆರಂಭವಾಯಿತು. ಎರಡು ವರ್ಷಗಳ ಬಳಿಕ, 1886ರಲ್ಲಿ, ಅದರ ಆಡಳಿತ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಬಂತು. ಮದರಾಸಿನ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳನ್ನು ನಡೆಸುತ್ತಿದ್ದವರೂ ಇವರೇ. ಹತ್ತಿ, ಉಣ್ಣೆ, ರೇಷ್ಮೆ ಮೂರನ್ನೂ ಒಂದೇ ಆವರಣದಲ್ಲಿ ಬಟ್ಟೆಯಾಗಿಸುವುದು ಇಲ್ಲಿನ ವಿಶೇಷ: ಒಂದು ಕಡೆ ಸೈನ್ಯಕ್ಕೂ ಪೊಲೀಸರಿಗೂ ಬೇಕಾದ ಖಾಕಿ ಬಟ್ಟೆ ಮತ್ತು ಕಂಬಳಿ, ಇನ್ನೊಂದು ಕಡೆ ಮದುವೆ ಮನೆಗಳಲ್ಲಿ ಮೆರೆದ ಬಿನ್ನಿ ರೇಷ್ಮೆ ಸೀರೆ. ಅದೇ ದಶಕದಲ್ಲಿ ಮಲ್ಲೇಶ್ವರದ ಕಡೆ ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಎದ್ದಿತು. ಇಷ್ಟುದ್ದದ ಹೆಸರನ್ನು ಊರಿನವರು ಯಾರೂ ಕರೆಯಲಿಲ್ಲ, ಅದು ರಾಜಾ ಮಿಲ್ ಆಯಿತು. ಆಗ ಮಲ್ಲೇಶ್ವರ ಬಡಾವಣೆಯೇ ಇರಲಿಲ್ಲ ಎಂಬುದನ್ನು ನೆನಪಿಡಬೇಕು. 1898ರ ಪ್ಲೇಗಿನ ಹೊತ್ತಿಗೆ, ಒತ್ತೊತ್ತಾದ ಪೇಟೆಯಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಗಿರಣಿಯೇ ಮೊದಲು ಬಂದದ್ದು, ಊರು ಆಮೇಲೆ ಅದರ ಬಳಿಗೆ ಬಂತು.

ಇನ್ನು ಕಟ್ಟಡದ ವಿಷಯ. ಹಳೆಯ ಗಿರಣಿ ಕಟ್ಟಡವನ್ನು ಅಂದಚೆಂದದ ದೃಷ್ಟಿಯಿಂದ ನೋಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ, ಏಕೆಂದರೆ ಅದರ ಆಕಾರವನ್ನು ನಿರ್ಧರಿಸಿದ್ದು ಹಬೆ ಯಂತ್ರ. ವಿದ್ಯುತ್ ಬರುವ ಮುಂಚೆ ಇಡೀ ಗಿರಣಿಗೆ ಶಕ್ತಿಯ ಮೂಲ ಒಂದೇ ಇರುತ್ತಿತ್ತು. ಬಾಯ್ಲರ್ ಮನೆಯಲ್ಲಿ ನೀರು ಹಬೆಯಾಗಿ, ಎಂಜಿನ್ ಮನೆಯಲ್ಲಿ ಆ ಹಬೆ ದೊಡ್ಡ ಗಾಲಿಯನ್ನು ತಿರುಗಿಸಿ, ಗಾಲಿಯ ತಿರುಗುವಿಕೆ ಹಗ್ಗ ಅಥವಾ ಬೆಲ್ಟುಗಳ ಮೂಲಕ ಶೆಡ್ಡಿನುದ್ದಕ್ಕೂ ತಲೆಯ ಮೇಲೆ ಹಾದುಹೋಗುವ ಉದ್ದನೆಯ ಉಕ್ಕಿನ ಶಾಫ್ಟುಗಳಿಗೆ ಹರಡಿ, ಅಲ್ಲಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಚರ್ಮದ ಬೆಲ್ಟು ಇಳಿಯುತ್ತಿತ್ತು. ಶಾಫ್ಟು ನೇರವಾಗಿರಬೇಕು, ಅದನ್ನು ಹೊರಲು ನಿರ್ದಿಷ್ಟ ಅಂತರದಲ್ಲಿ ಕಂಬಗಳಿರಬೇಕು, ಎಂಜಿನ್ನಿನಿಂದ ದೂರ ಹೋದಷ್ಟೂ ತಿಕ್ಕಾಟದಲ್ಲಿ ಶಕ್ತಿ ಸೋರುತ್ತದೆ. ಆದ್ದರಿಂದ ಕಂಬಗಳ ಸಾಲು, ಶೆಡ್ಡಿನ ಉದ್ದಗಲ, ಚಿಮಣಿ ಇರುವ ಜಾಗ ಇವೆಲ್ಲವೂ ಶಾಫ್ಟಿನ ಲೆಕ್ಕಾಚಾರದಿಂದ ಹುಟ್ಟಿದವು. ಇಂಥ ಹಳೆಯ ಶೆಡ್ಡುಗಳಲ್ಲಿ ಎರಕದ ಕಬ್ಬಿಣದ ಕಂಬವನ್ನು ಬುಡದಿಂದ ಮೇಲಕ್ಕೆ ನೋಡುತ್ತಾ ಹೋದರೆ, ತಲೆಯಿಂದ ಒಂದಿಷ್ಟು ಕೆಳಗೆ ಚಪ್ಪಟೆಯಾದ ಒಂದು ಚಾಚು, ಅದರಲ್ಲಿ ನಾಲ್ಕು ಬೋಲ್ಟಿನ ತೂತುಗಳು ಕಾಣಸಿಗುತ್ತವೆ. ಛಾವಣಿಯನ್ನು ಹೊರಲು ಆ ಚಾಚು ಬೇಕಿಲ್ಲ. ಶಾಫ್ಟಿನ ಬೇರಿಂಗ್ ಕೂರುತ್ತಿದ್ದದ್ದು ಅದರ ಮೇಲೆ. ಕಟ್ಟಡ ಯಂತ್ರದ ಒಂದು ಭಾಗವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೊಂದಿಲ್ಲ.

ನೂಲುವ ಖಾತೆ ಮತ್ತು ನೇಯುವ ಖಾತೆಗೆ ಬೇರೆ ಬೇರೆ ಬಗೆಯ ಕಟ್ಟಡಗಳು ಬೇಕಾಗುತ್ತಿದ್ದವು. ಕದಿರುಗಳು ಸಮವಾಗಿ ತಿರುಗುವುದರಿಂದ ನೂಲುವ ಯಂತ್ರಗಳನ್ನು ಮಹಡಿಯ ಮೇಲೆ ಮಹಡಿಯಂತೆ ಪೇರಿಸಬಹುದಿತ್ತು. ಮಗ್ಗ ಹಾಗಲ್ಲ. ಲಾಳಿ ಆ ಬದಿಯಿಂದ ಈ ಬದಿಗೆ ಬಡಿದು ಬಡಿದು ಬರುವಾಗ ಹುಟ್ಟುವ ಅದುರು ನೂರಾರು ಮಗ್ಗಗಳಲ್ಲಿ ಒಟ್ಟಿಗೆ ಸೇರಿದರೆ ಮಹಡಿಯ ನೆಲ ತಡೆದುಕೊಳ್ಳುವುದು ಕಷ್ಟ. ಹಾಗಾಗಿ ನೇಯ್ಗೆಗೆ ನೆಲಮಟ್ಟದಲ್ಲಿ ಹರಡಿಕೊಂಡ ಒಂದೇ ಅಂತಸ್ತಿನ ಶೆಡ್ಡು, ಅಷ್ಟಗಲದ ಶೆಡ್ಡಿನ ನಡುಭಾಗಕ್ಕೆ ಗೋಡೆಯ ಕಿಟಕಿಯಿಂದ ಬೆಳಕು ತಲುಪದ ಕಾರಣ ಮೇಲಿನಿಂದ ಬೆಳಕು ಬಿಡುವ, ಗರಗಸದ ಹಲ್ಲಿನಂತೆ ಏರಿಳಿಯುವ ಛಾವಣಿ. ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು ಹಾಕಿ ಅದನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸುತ್ತಿದ್ದರು. ಬಿಸಿಲು ನೇರವಾಗಿ ಬೀಳದೆ, ದಿನವಿಡೀ ಒಂದೇ ಹದದ ಬೆಳಕು ಸಿಗಬೇಕು, ಹಾಸಿನಲ್ಲಿ ಒಂದೆಳೆ ತುಂಡಾದರೂ ನೇಯುವವನ ಕಣ್ಣಿಗೆ ಬೀಳಬೇಕು ಎಂಬುದು ಉದ್ದೇಶ.

ಇಲ್ಲೊಂದು ಸಣ್ಣ ತಮಾಷೆಯಿದೆ. ಈ ಛಾವಣಿ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದಲ್ಲಿ ಬೆಳೆದ ವಿನ್ಯಾಸ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಅಂದರೆ ವರ್ಷದ ಸುಮಾರು ನಾಲ್ಕು ತಿಂಗಳು ಉತ್ತರದ ಗಾಜಿನ ಮೇಲೆ ಅಷ್ಟೋ ಇಷ್ಟೋ ನೇರ ಬಿಸಿಲು ಬೀಳುವುದೇ ಸರಿ. ಮುಂಗಾರಿನ ಮೋಡ ಈ ಲೋಪವನ್ನು ಬಹುಮಟ್ಟಿಗೆ ಮುಚ್ಚುತ್ತದೆ ಎಂಬುದು ಬೇರೆ ಮಾತು. ಬೆಳಕಿಗಿಂತ ದೊಡ್ಡ ತೊಡಕು ಒಣಹವೆಯದು. ಗಾಳಿಯಲ್ಲಿ ತೇವ ಕಡಿಮೆಯಾದರೆ ಹತ್ತಿಯ ಎಳೆ ಪೆಡಸಾಗಿ ತುಂಡಾಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನ ಫೆಬ್ರವರಿ, ಮಾರ್ಚ್ ತಿಂಗಳ ಗಾಳಿ ಹತ್ತಿ ಗಿರಣಿಗೆ ಹೇಳಿಮಾಡಿಸಿದ್ದಲ್ಲ. ಆದ್ದರಿಂದ ಶೆಡ್ಡಿನೊಳಗೆ ನೀರಿನ ಹನಿ ಸಿಂಪಡಿಸಿ ಕೃತಕವಾಗಿ ತೇವ ಉಂಟುಮಾಡಬೇಕಿತ್ತು, ಆ ತೇವ ಹೊರಗೆ ಹೋಗದಂತೆ ಕಿಟಕಿ ಬಾಗಿಲುಗಳನ್ನು ಮುಚ್ಚಿಡಬೇಕಿತ್ತು. ಎಳೆಗೆ ಹಿತವಾದ ಆ ಹವೆ ದುಡಿಯುವವರ ಶ್ವಾಸಕೋಶಕ್ಕೆ ಹಿತವಾಗಿರಲಿಲ್ಲ. ಅರಳೆ ಧೂಳು, ಸೆಕೆ, ಕಿವಿ ಗಡಚಿಕ್ಕುವ ಸದ್ದು ಇವುಗಳ ನಡುವೆಯೇ ಪಾಳಿ ಮುಗಿಯಬೇಕಿತ್ತು.

ವಿದ್ಯುತ್ ಬಂದಾಗ ಕಟ್ಟಡಕ್ಕೂ ಎಂಜಿನ್ನಿಗೂ ಇದ್ದ ಈ ನಂಟು ಸಡಿಲವಾಯಿತು. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ; 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿತು. ಮೋಟಾರು ಬಂದ ಮೇಲೆ ಶಕ್ತಿಯನ್ನು ತಂತಿಯಲ್ಲಿ ಬೇಕಾದ ಕಡೆಗೆ ಒಯ್ಯಬಹುದಾಯಿತು. ಮೊದಲು ಒಂದು ಶಾಫ್ಟಿಗೆ ಒಂದು ಮೋಟಾರು, ಕಾಲಕ್ರಮೇಣ ಒಂದು ಯಂತ್ರಕ್ಕೆ ಒಂದು ಮೋಟಾರು. ತಲೆಯ ಮೇಲಿನ ಶಾಫ್ಟಿಗೆ ಕೆಲಸವಿಲ್ಲವಾಯಿತು, ಚಿಮಣಿ ಬರಿಯ ಗುರುತಾಯಿತು. ಗಿರಣಿ ಕಟ್ಟಡದ ಉಪಯೋಗ ಬದಲಾದ ಮೊದಲ ಸಂದರ್ಭ ಮಾಲ್ ಬಂದಾಗಿನದಲ್ಲ, ಇದು. ಯಂತ್ರದ ಭಾಗವಾಗಿದ್ದದ್ದು ಯಂತ್ರಗಳನ್ನು ಮಳೆ ಗಾಳಿಯಿಂದ ಕಾಯುವ ಮಾಡಾಗಿ ಬದಲಾಯಿತು, ಹೊರಗಿನಿಂದ ನೋಡುವವರಿಗೆ ಏನೂ ಬದಲಾದಂತೆ ಕಾಣಲಿಲ್ಲ.

ಸ್ವಾತಂತ್ರ್ಯದ ನಂತರದ ಕೆಲವೇ ದಶಕಗಳಲ್ಲಿ ದೇಶದ ಹಳೆಯ ಸಂಯುಕ್ತ ಗಿರಣಿಗಳು, ಅಂದರೆ ನೂಲುವುದರಿಂದ ಹಿಡಿದು ಬಟ್ಟೆಗೆ ಬಣ್ಣ ಕಟ್ಟುವವರೆಗಿನ ಎಲ್ಲ ಕೆಲಸವನ್ನೂ ಒಂದೇ ಸೂರಿನಡಿ ನಡೆಸುವ ಗಿರಣಿಗಳು, ಒಂದೊಂದಾಗಿ ಸೊರಗಿದವು. ಹಳೆಯ ಯಂತ್ರಗಳನ್ನು ಬದಲಿಸಲು ಮಾಲೀಕರು ಹಣ ಹಾಕಲಿಲ್ಲ. ಒಂದಿಷ್ಟು ಬಟ್ಟೆಯನ್ನು ಸರ್ಕಾರ ಗೊತ್ತುಮಾಡಿದ ದರಕ್ಕೆ ಮಾರಬೇಕೆಂಬ ನಿಯಮವಿತ್ತು. ಕೃತಕ ನೂಲಿನ ಬಟ್ಟೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ವಿದ್ಯುತ್ ಮಗ್ಗಗಳು ಬಂದವು. ಗಿರಣಿಗೆ ಅನ್ವಯವಾಗುತ್ತಿದ್ದ ಕಾರ್ಮಿಕ ಕಾನೂನು, ತೆರಿಗೆ, ಬೋನಸ್ಸು ಯಾವುದೂ ಮನೆಯ ಹಿಂಭಾಗದ ನಾಲ್ಕು ಮಗ್ಗಗಳಿಗೆ ಅನ್ವಯವಾಗುತ್ತಿರಲಿಲ್ಲ. ಬಿನ್ನಿ ಮಿಲ್ಲಿಗೆ ಕೂಗಳತೆಯಲ್ಲಿರುವ ಕಾಟನ್‌ಪೇಟೆ, ಮಾಗಡಿ ರಸ್ತೆಯ ಗಲ್ಲಿಗಳಲ್ಲೂ ದೊಡ್ಡಬಳ್ಳಾಪುರದಲ್ಲೂ ಮಗ್ಗದ ಸದ್ದು ಗಿರಣಿಗಳು ನಿಂತ ಮೇಲೂ ಕೇಳುತ್ತಲೇ ಇತ್ತು. ಬೆಂಗಳೂರಿನಲ್ಲಿ ನೇಯ್ಗೆ ಸಾಯಲಿಲ್ಲ, ದೊಡ್ಡ ಸೂರು ಬಿಟ್ಟು ಸಣ್ಣ ಸೂರುಗಳಿಗೆ ಹೋಯಿತು.

ಸೊರಗಿದ ಗಿರಣಿಗಳನ್ನು ಸರ್ಕಾರ ವಹಿಸಿಕೊಳ್ಳತೊಡಗಿದಾಗ ಕತೆಗೆ ಕಂಪನಿ ಎಂಬ ಮೂರನೆಯ ಎಳೆ ಮುಖ್ಯವಾಗುತ್ತದೆ, ಮತ್ತು ಇಲ್ಲಿಯೇ ಮಿನರ್ವ ಮಿಲ್ಲಿನ ಹೆಸರು ದೇಶದ ಚರಿತ್ರೆಗೆ ಸೇರುತ್ತದೆ. ಉತ್ಪಾದನೆ ಬಹಳ ಕುಸಿದಿದೆ ಅಥವಾ ಕುಸಿಯುವ ಸಂಭವವಿದೆ ಎಂಬ ಕಾರಣಕ್ಕೆ ಕೇಂದ್ರ ಸರ್ಕಾರ 1970ರ ಆಗಸ್ಟಿನಲ್ಲಿ ಈ ಗಿರಣಿಯ ವ್ಯವಹಾರಗಳ ತನಿಖೆಗೆ ಒಂದು ಸಮಿತಿಯನ್ನು ನೇಮಿಸಿತು. ವರದಿ 1971ರ ಜನವರಿಯಲ್ಲಿ ಬಂತು. ಗಿರಣಿಯ ಆಡಳಿತ ಸಾರ್ವಜನಿಕ ಹಿತಕ್ಕೆ ತೀರಾ ಹಾನಿಕರವಾಗಿ ನಡೆಯುತ್ತಿದೆ ಎಂದು ಹೇಳಿ, ಅದೇ ವರ್ಷದ ಅಕ್ಟೋಬರ್ 19ರಂದು ಆಡಳಿತವನ್ನು ರಾಷ್ಟ್ರೀಯ ಜವಳಿ ನಿಗಮಕ್ಕೆ, ಎಂದರೆ ಎನ್‌ಟಿಸಿಗೆ, ಒಪ್ಪಿಸಲಾಯಿತು. ಆಗ ಬದಲಾದದ್ದು ಆಡಳಿತ ಮಾತ್ರ. ಒಡೆತನ ಸರ್ಕಾರಕ್ಕೆ ಹೋದದ್ದು 1974ರ ರೋಗಗ್ರಸ್ತ ಜವಳಿ ಉದ್ಯಮಗಳ ರಾಷ್ಟ್ರೀಕರಣ ಕಾಯ್ದೆಯಿಂದ. ಆ ಕಾಯ್ದೆ ಒಂದೇ ಏಟಿಗೆ ದೇಶದ 103 ಗಿರಣಿಗಳನ್ನು ಸರ್ಕಾರದ ಸೊತ್ತಾಗಿಸಿತು. ರಾಜಾ ಮಿಲ್ ಕೂಡ ಎನ್‌ಟಿಸಿಯ ಪಾಲಾಯಿತು. ಬಿನ್ನಿ ಖಾಸಗಿಯಾಗಿಯೇ ಉಳಿಯಿತು, ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಮಿನರ್ವ ಕಂಪನಿಯವರು ಸುಪ್ರೀಂ ಕೋರ್ಟಿಗೆ ಹೋದರು. ಗಿರಣಿಯನ್ನು ಮರಳಿ ಪಡೆಯಬೇಕಾದರೆ ಅವರಿಗೆ ಎದುರಾಗಿದ್ದ ಅಡ್ಡಿ ರಾಷ್ಟ್ರೀಕರಣ ಕಾಯ್ದೆಯೊಂದೇ ಆಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸಂವಿಧಾನಕ್ಕೆ ಮಾಡಿದ 42ನೆಯ ತಿದ್ದುಪಡಿಯೂ ಎದುರಿಗಿತ್ತು. ಅದು ಎರಡು ಮಾತು ಹೇಳುತ್ತಿತ್ತು: ರಾಜ್ಯ ನಿರ್ದೇಶಕ ತತ್ವಗಳಲ್ಲಿ ಯಾವುದನ್ನು ಜಾರಿಗೊಳಿಸಲು ಮಾಡಿದ ಕಾನೂನನ್ನೂ 14 ಮತ್ತು 19ನೆಯ ವಿಧಿಗಳ ಮೂಲಭೂತ ಹಕ್ಕಿಗೆ ವಿರುದ್ಧವೆಂದು ಪ್ರಶ್ನಿಸುವಂತಿಲ್ಲ, ಸಂವಿಧಾನಕ್ಕೆ ಸಂಸತ್ತು ಮಾಡುವ ತಿದ್ದುಪಡಿಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ, ಆ ಅಧಿಕಾರಕ್ಕೆ ಮಿತಿಯೇ ಇಲ್ಲ. ಕಂಪನಿಯ ಪರವಾಗಿ ವಾದಿಸಿದ ನಾನಿ ಪಾಲ್ಖಿವಾಲಾ ಅವರು ಈ ಎರಡೂ ಮಾತುಗಳು ಸಂವಿಧಾನದ ಮೂಲ ಸ್ವರೂಪವನ್ನೇ ಕೆಡಿಸುತ್ತವೆ ಎಂದರು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ನೇತೃತ್ವದ ಐವರ ಪೀಠ 1980ರ ಮೇ 9ರಂದು ಆದೇಶವನ್ನೂ ಜುಲೈ 31ರಂದು ಅದರ ಕಾರಣಗಳನ್ನೂ ಪ್ರಕಟಿಸಿತು. ತಿದ್ದುಪಡಿಯ ಅಧಿಕಾರ ಮಿತಿಯಿಲ್ಲದ್ದು ಎಂಬ ಭಾಗ ಅಸಿಂಧು ಎಂಬುದರಲ್ಲಿ ಐವರೂ ಒಮ್ಮತದಲ್ಲಿದ್ದರು. ನಿರ್ದೇಶಕ ತತ್ವಗಳಿಗೆ ಆ ಪರಿ ರಕ್ಷಣೆ ಕೊಟ್ಟ ಭಾಗವನ್ನು ನಾಲ್ವರು ರದ್ದುಪಡಿಸಿದರು, ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಅಷ್ಟರಮಟ್ಟಿಗೆ ಭಿನ್ನ ನಿಲುವು ತಳೆದರು. ಸೀಮಿತವಾದ ಅಧಿಕಾರವನ್ನು ಪಡೆದವರು ಅದೇ ಅಧಿಕಾರವನ್ನು ಬಳಸಿ ತಮ್ಮ ಮಿತಿಯನ್ನು ತಾವೇ ಅಳಿಸಿಹಾಕುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಪ್ರಕರಣದ ಹೆಸರು ಗೊತ್ತು. ಮಾಗಡಿ ರಸ್ತೆಯ ಕಡೆ ಇರುವ ಆವರಣಕ್ಕೂ ಆ ಹೆಸರಿಗೂ ಸಂಬಂಧವಿದೆ ಎಂಬುದು ಎಷ್ಟು ಜನರಿಗೆ ಹೊಳೆದಿರುತ್ತದೆಯೋ ಹೇಳುವುದು ಕಷ್ಟ. ಇನ್ನೂ ಕಡಿಮೆ ಜನರಿಗೆ ಗೊತ್ತಿರುವ ಸಂಗತಿಯೆಂದರೆ, ಇಷ್ಟು ದೊಡ್ಡ ಗೆಲುವಿನ ನಂತರವೂ ಗಿರಣಿ ಹಳೆಯ ಮಾಲೀಕರಿಗೆ ಮರಳಲಿಲ್ಲ. ತಿದ್ದುಪಡಿ ಬಿದ್ದುಹೋಯಿತಾದರೂ ರಾಷ್ಟ್ರೀಕರಣ ಕಾಯ್ದೆ ಸರಿಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು, ಮತ್ತು 1986ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಸಂವಿಧಾನಕ್ಕೆ ದೊರೆತ ರಕ್ಷಣೆ ದೇಶದ್ದಾಯಿತು, ಗಿರಣಿ ನಿಗಮದ್ದೇ ಆಗಿ ಉಳಿಯಿತು.

ಈಗ ಜಾಗದ ಎಳೆಗೆ ಬರೋಣ. ಗಿರಣಿಯಲ್ಲಿ ಕೆಲಸ ಇಲ್ಲವಾದ ಮೇಲೂ ಅವು ವರ್ಷಗಟ್ಟಲೆ ಅರೆಜೀವವಾಗಿ ಉಳಿದದ್ದಕ್ಕೆ ಕಾನೂನೇ ಕಾರಣ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯನ್ನು ಸರ್ಕಾರದ ಅನುಮತಿಯಿಲ್ಲದೆ ಮುಚ್ಚುವಂತಿರಲಿಲ್ಲ. ಕೈಗಾರಿಕಾ ವಿವಾದ ಕಾಯ್ದೆಗೆ 1976ರಲ್ಲಿ ಸೇರಿಸಿದ ಅಧ್ಯಾಯ ಮೊದಲು 300 ಕಾರ್ಮಿಕರ ಮಿತಿಯನ್ನು ಇಟ್ಟಿದ್ದು, 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. ಅದೇ 1976ರಲ್ಲಿ ಬಂದ ನಗರ ಭೂಮಿತಿ ಕಾಯ್ದೆ, ಮಿತಿಗಿಂತ ಹೆಚ್ಚಿನ ಖಾಲಿ ಜಾಗವನ್ನು ಮನಬಂದಂತೆ ಮಾರಲು ಬಿಡುತ್ತಿರಲಿಲ್ಲ. ಮುಚ್ಚುವಂತಿಲ್ಲ, ಮಾರುವಂತಿಲ್ಲ, ನಡೆಸಲು ಹಣವಿಲ್ಲ. ಈ ಗಂಟು ಬಿಚ್ಚಿದ್ದು ಎರಡು ಕಡೆಯಿಂದ. ರೋಗಗ್ರಸ್ತ ಉದ್ಯಮಗಳಿಗೆಂದು 1985ರಲ್ಲಿ ಬಂದ ಕಾಯ್ದೆಯ ವ್ಯಾಪ್ತಿಗೆ 1991ರ ನಂತರ ಸರ್ಕಾರಿ ಕಂಪನಿಗಳೂ ಸೇರಿ, ಹೆಚ್ಚುವರಿ ಜಾಗ ಮಾರಿ ಬಂದ ಹಣದಲ್ಲಿ ಗಿರಣಿಗಳ ಪುನಶ್ಚೇತನ ಮತ್ತು ಕಾರ್ಮಿಕರ ಸ್ವಯಂ ನಿವೃತ್ತಿ ಎಂಬ ದಾರಿ ತೆರೆಯಿತು. ನಗರ ಭೂಮಿತಿ ಕಾಯ್ದೆಯನ್ನು ಕೇಂದ್ರ 1999ರಲ್ಲಿ ಹಿಂತೆಗೆದುಕೊಂಡಿತು, ಕರ್ನಾಟಕ ಅದನ್ನು ಒಪ್ಪಿಕೊಂಡ ರಾಜ್ಯಗಳಲ್ಲಿ ಒಂದು. ಸಾಫ್ಟ್‌ವೇರ್ ಉದ್ಯಮದಿಂದ ಬೆಂಗಳೂರಿನ ನೆಲದ ಬೆಲೆ ಗಗನಕ್ಕೇರುತ್ತಿದ್ದ ಹೊತ್ತೂ ಅದೇ. ಅಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ ನಗರದ ಮಧ್ಯದ ಹಲವು ಕಾರ್ಖಾನೆ ಜಾಗಗಳ ಚಹರೆ ಬದಲಾದದ್ದು ಕಾಕತಾಳೀಯವಲ್ಲ. ವಿಠಲ ಮಲ್ಯ ರಸ್ತೆಯಲ್ಲಿ ಬಿಯರ್ ತಯಾರಿಸುತ್ತಿದ್ದ ಜಾಗದಲ್ಲಿ ಯುಬಿ ಸಿಟಿ ಎದ್ದದ್ದೂ ಆ ಅವಧಿಯಲ್ಲೇ.

ಜಾಗದ ಬೆಲೆ ಏರಿದರೆ ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ಹೊಸ ಉಪಯೋಗಕ್ಕೆ ತರಬಹುದಲ್ಲ ಎಂದು ಕೇಳುವವರಿದ್ದಾರೆ. ಉತ್ತರ ಒಂದು ಸರಳ ಗುಣಾಕಾರದಲ್ಲಿದೆ. ಒಂದು ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ನೆಲಹಾಸನ್ನು ಕಟ್ಟಬಹುದು ಎಂಬುದನ್ನು ನಿಗದಿಪಡಿಸುವ ಪ್ರಮಾಣಕ್ಕೆ ಎಫ್‌ಎಆರ್ ಎನ್ನುತ್ತಾರೆ. ಒಂದು ಎಕರೆ ಎಂದರೆ 43,560 ಚದರ ಅಡಿ. ಅದರ ನೂರಕ್ಕೆ 60ರಷ್ಟು ಭಾಗದಲ್ಲಿ ಒಂದಂತಸ್ತಿನ ನೇಯ್ಗೆ ಶೆಡ್ಡು ಹರಡಿಕೊಂಡಿದೆ ಎಂದುಕೊಂಡರೆ ದೊರೆಯುವುದು 26,136 ಚದರ ಅಡಿ. ಅಗಲವಾದ ರಸ್ತೆಯ ಬದಿಯಲ್ಲಿ ಎಫ್‌ಎಆರ್ 3 ಸಿಕ್ಕಿತೆಂದರೆ ಅದೇ ಎಕರೆಯಲ್ಲಿ 1,30,680 ಚದರ ಅಡಿ ಕಟ್ಟಬಹುದು. ಅಂದರೆ ಶೆಡ್ಡನ್ನು ಉಳಿಸಿಕೊಂಡರೆ ಎಕರೆಗೆ ಒಂದು ಲಕ್ಷ ಚದರ ಅಡಿಗೂ ಹೆಚ್ಚು ಕೈಬಿಟ್ಟಂತೆ. ನೆಲಮಾಳಿಗೆಯಲ್ಲಿ ನೂರಾರು ಕಾರು ನಿಲ್ಲಿಸಲು ನೆಲ ಅಗೆಯಬೇಕು, ಹತ್ತಿರ ಹತ್ತಿರ ಇರುವ ಕಂಬಗಳ ನಡುವೆ ದೊಡ್ಡ ಅಂಗಡಿಗಳನ್ನು ಕೂರಿಸಲಾಗದು. ಈ ಲೆಕ್ಕದಲ್ಲಿ ಹಳೆಯ ಕಟ್ಟಡಕ್ಕೆ ಬೆಲೆಯೇ ಇಲ್ಲ ಎನ್ನುವುದೂ ಕಡಿಮೆಯೇ, ಅದನ್ನು ಕೆಡವುವ ಖರ್ಚು ಸೇರಿ ಅದರ ಬೆಲೆ ಸೊನ್ನೆಗಿಂತ ಕೆಳಗಿರುತ್ತದೆ. ಗಿರಣಿ ಕೆಡವಿದವರನ್ನು ರಸಿಕತೆಯಿಲ್ಲದವರೆಂದು ಬಯ್ಯುವುದರಿಂದ ಪ್ರಯೋಜನವಿಲ್ಲ. ನಿಯಮವೇ ಕೆಡವುವವನಿಗೆ ಬಹುಮಾನ ಕೊಡುತ್ತಿತ್ತು.

ರಾಜಾ ಮಿಲ್ಲಿಗೆ ಆದದ್ದು ಇದೇ. ಅಲ್ಲಿ ಎದ್ದ ಮಾಲ್ 2010ರಲ್ಲಿ ತೆರೆಯಿತು, 2014ರ ಮಾರ್ಚ್ 1ರಂದು ಪೀಣ್ಯದ ಕಡೆಯಿಂದ ಬಂದ ಮೆಟ್ರೊ ಅದರ ಮಗ್ಗುಲಲ್ಲೇ ನಿಂತಿತು. ನಿಲ್ದಾಣದ ಹೆಸರಿನಲ್ಲೂ ಮಾಲ್ ಇದೆ, ಮಿಲ್ ಇಲ್ಲ. ಬಿನ್ನಿ ಮಿಲ್ಲಿನ ಜಾಗದಲ್ಲಿ ವಸತಿ ಗೋಪುರಗಳು ಎದ್ದವು. ಆದರೆ ಅಲ್ಲಿ ಹೆಸರಿನ ಬೇರು ಎಷ್ಟು ಆಳಕ್ಕೆ ಹೋಗಿತ್ತೆಂದರೆ, ಬಿನ್ನಿಪೇಟೆ ಎಂಬುದು 2008ರ ಕ್ಷೇತ್ರ ಮರುವಿಂಗಡಣೆಯವರೆಗೂ ವಿಧಾನಸಭಾ ಕ್ಷೇತ್ರವೇ ಆಗಿತ್ತು. ಒಂದು ಖಾಸಗಿ ಕಂಪನಿಯ ಹೆಸರು ಪೇಟೆಗೆ ಅಂಟಿ, ಪೇಟೆಯಿಂದ ಮತದಾರರ ಪಟ್ಟಿಗೆ ಏರಿದ್ದು ಈ ಊರಿನಲ್ಲಿ ಅಪರೂಪ.

ಮಿನರ್ವ ಬೇರೆ ದಾರಿ ಹಿಡಿಯಿತು. ಎನ್‌ಟಿಸಿ ಹಾಸನದಲ್ಲಿ ಹೊಸ ಯಂತ್ರಗಳೊಂದಿಗೆ ನ್ಯೂ ಮಿನರ್ವ ಮಿಲ್ಸ್ ಎಂಬ ಗಿರಣಿಯನ್ನು ಕಟ್ಟಿತು. ಹೆಸರು ಮತ್ತು ಕೆಲಸ ಹಾಸನಕ್ಕೆ ಹೋದವು. ಕಟ್ಟಡ ಮತ್ತು ಜಾಗ ಬೆಂಗಳೂರಿನಲ್ಲಿ ಉಳಿದವು. ಆ ಖಾಲಿ ಆವರಣವನ್ನು ಮೊದಲು ಸರಿಯಾಗಿ ಉಪಯೋಗಿಸಿಕೊಂಡವರು ಸಿನಿಮಾದವರು. ಕನ್ನಡ ಚಿತ್ರಗಳ ಸುದ್ದಿ ಓದುವವರಿಗೆ ‘ಮಿನರ್ವ ಮಿಲ್‌ನಲ್ಲಿ ಹಾಕಿದ ಅದ್ಧೂರಿ ಸೆಟ್’ ಎಂಬ ಮಾತು ಚಿರಪರಿಚಿತ. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಚಿತ್ರೋದ್ಯಮದ ಕಚೇರಿಗಳಿರುವ ಗಾಂಧಿನಗರ ರೈಲು ನಿಲ್ದಾಣದ ಆಚೆ ಬದಿಗೇ ಇದೆ. ಎತ್ತರದ ಕಾಂಪೌಂಡ್ ಗೋಡೆ ಇರುವುದರಿಂದ ಜನ ನುಗ್ಗುವುದಿಲ್ಲ. ಲಾರಿ ಓಡಾಡಲೆಂದೇ ಮಾಡಿದ ಅಂಗಳದಲ್ಲಿ ಜನರೇಟರ್ ಗಾಡಿ, ಕ್ರೇನು, ಕ್ಯಾರವಾನು ಎಲ್ಲವೂ ಹಿಡಿಸುತ್ತವೆ. ಸುಣ್ಣ ಉದುರಿದ ಇಟ್ಟಿಗೆ ಗೋಡೆಗೆ ಒಂದು ಫಲಕ ನೇತುಹಾಕಿದರೆ ಅದು ಜೈಲು, ಇನ್ನೊಂದು ನೇತುಹಾಕಿದರೆ ಬಂದರಿನ ಗೋದಾಮು, ಏನೂ ನೇತುಹಾಕದೆ ನಾಲ್ಕು ಡ್ರಮ್ಮು ಉರುಳಿಸಿದರೆ ಹೊಡೆದಾಟದ ಜಾಗ. ಗಿರಣಿ ಮಾತ್ರ ಅಲ್ಲಿ ಗಿರಣಿಯ ಪಾತ್ರ ವಹಿಸುವುದು ಕಡಿಮೆ. ಚೆನ್ನೈನಲ್ಲಿ ಬಿನ್ನಿಯವರದೇ ಗಿರಣಿಯ ಆವರಣಕ್ಕೂ ತಮಿಳು ಚಿತ್ರಗಳಿಂದ ಇದೇ ಪಾಡು, ಅಥವಾ ಇದೇ ಭಾಗ್ಯ, ಬಂದದ್ದನ್ನು ನೋಡಿದರೆ ಇದು ನಮ್ಮ ಊರಿನ ವಿಚಿತ್ರವೇನಲ್ಲ. ಸಿನಿಮಾದ ಉಪಯೋಗಕ್ಕೆ ಒಂದು ಗುಣವಿದೆ: ಅದಕ್ಕೆ ಕಟ್ಟಡವನ್ನು ಕೆಡವುವ ಅಗತ್ಯವಿಲ್ಲ. ಒಂದು ದೋಷವೂ ಇದೆ: ದುರಸ್ತಿ ಮಾಡುವ ಅಗತ್ಯವೂ ಇಲ್ಲ, ಶಿಥಿಲವಾದಷ್ಟೂ ಕ್ಯಾಮೆರಾಕ್ಕೆ ಚೆನ್ನು.

ಕಾನೂನು ಇಂಥ ಕಟ್ಟಡಗಳನ್ನು ಕಾಯುತ್ತದೆಯೇ ಎಂದರೆ, ತಾನಾಗಿಯೇ ಕಾಯುವುದಿಲ್ಲ. 1958ರ ಕೇಂದ್ರ ಸ್ಮಾರಕ ಕಾಯ್ದೆಯಡಿ ಒಂದು ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ತುಂಬಿರಬೇಕು. ತುಂಬಿದರೂ, ಘೋಷಣೆಯಾಗದೆ ರಕ್ಷಣೆ ಸಿಗದು. ದುಡಿಮೆಯ ಕಟ್ಟಡಗಳನ್ನು ಸ್ಮಾರಕವೆಂದು ನೋಡುವ ರೂಢಿ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಮುಂಬಯಿಯಲ್ಲಿ ಗಿರಣಿ ಜಾಗಗಳಿಗೆಂದೇ 1991ರಲ್ಲಿ ಒಂದು ನಿಯಮ ಬಂತು: ಜಾಗವನ್ನು ಬೇರೆ ಉಪಯೋಗಕ್ಕೆ ತರುವಾಗ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಮೂರರಲ್ಲೊಂದು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕು ಎಂದರು; ಶೆಡ್ಡುಗಳೇ ತುಂಬಿದ್ದ ಆವರಣಗಳಲ್ಲಿ ಸಾರ್ವಜನಿಕರ ಪಾಲು ಹಿಡಿಯಷ್ಟಾಯಿತು. ಸುಪ್ರೀಂ ಕೋರ್ಟು 2006ರಲ್ಲಿ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮುಂಬಯಿಯದು ಮಾದರಿಯೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಗಿರಣಿ ಜಾಗ ಯಾರದು ಎಂಬ ಪ್ರಶ್ನೆಯನ್ನು ಬೀದಿಯಲ್ಲೂ ನ್ಯಾಯಾಲಯದಲ್ಲೂ ಕೇಳಲಾಯಿತು. ಬೆಂಗಳೂರಿನಲ್ಲಿ ಅದು ಆ ಮಟ್ಟಿಗೆ ಎದ್ದದ್ದೇ ಇಲ್ಲ. ಇಲ್ಲಿ ಹಳೆಯ ಆವರಣಕ್ಕೆ ಸಾರ್ವಜನಿಕ ಬದುಕು ದೊರೆತ ಉದಾಹರಣೆಗಳು ಸರ್ಕಾರದ ಒಡೆತನದಲ್ಲಿದ್ದವು ಮಾತ್ರ: ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಯಿತು, ಎಚ್‌ಎಂಟಿ ಜಾಲಹಳ್ಳಿಯಲ್ಲಿ 2019ರಲ್ಲಿ ತನ್ನ ಗಡಿಯಾರ ಮತ್ತು ಯಂತ್ರಗಳ ಸಂಗ್ರಹಾಲಯ ತೆರೆಯಿತು, 1936ರಲ್ಲಿ ಆರಂಭವಾಗಿ ಬಲ್ಬು ತಯಾರಿಸುತ್ತಿದ್ದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯನ್ನು ಸಾಂಸ್ಕೃತಿಕ ತಾಣವಾಗಿಸುವ ಮಾತು ಬಹಳ ವರ್ಷಗಳಿಂದ ನಡೆದಿದೆ.

ಉಳಿದಿರುವ ಶೆಡ್ಡುಗಳಿಗೆ ಯಾವ ಉಪಯೋಗ ಹೊಂದುತ್ತದೆ ಎಂಬುದನ್ನು ಅವುಗಳ ಆಕಾರವೇ ಹೇಳುತ್ತದೆ. ಸಮವಾದ ಉತ್ತರದ ಬೆಳಕು ಚಿತ್ರಕಲೆ, ಮರಗೆಲಸ, ಮುದ್ರಣ, ತರಬೇತಿ ಕಾರ್ಯಾಗಾರ, ವಸ್ತು ಸಂಗ್ರಹಾಲಯಗಳಿಗೆ ಬೇಕಾದ ಬೆಳಕು. ಭಾರವಾದ ಯಂತ್ರ ಹೊತ್ತ ನೆಲ ಗ್ರಂಥಾಲಯದ ಕಪಾಟುಗಳನ್ನು ಸುಲಭವಾಗಿ ಹೊರುತ್ತದೆ. ಮಾಲ್‌ಗೆ ತೊಡಕಾಗುವ ಒತ್ತೊತ್ತಾದ ಕಂಬಗಳು ಸಣ್ಣ ಸಣ್ಣ ಕೋಣೆಗಳನ್ನು ವಿಂಗಡಿಸುವಾಗ ಅನುಕೂಲವೇ ಆಗುತ್ತವೆ. ಎಫ್‌ಎಆರ್ ನಷ್ಟದ ಪ್ರಶ್ನೆಗೂ ಪರಿಹಾರವಿದೆ: ಶೆಡ್ಡನ್ನು ಉಳಿಸಿಕೊಂಡವರು ಬಳಸದೆ ಬಿಟ್ಟ ನೆಲಹಾಸಿನ ಹಕ್ಕನ್ನು ಅದೇ ಆವರಣದ ಖಾಲಿ ಭಾಗಕ್ಕೋ ಬೇರೆಡೆಗೋ ವರ್ಗಾಯಿಸಲು ಬಿಟ್ಟರೆ ಕೆಡವುವವರಿಗೆ ಸಿಗುವ ಬಹುಮಾನ ಇಲ್ಲವಾಗುತ್ತದೆ.

ಅದಕ್ಕೂ ಮುಂಚಿನ ಕೆಲಸ ಹೆಚ್ಚು ನೀರಸವಾದದ್ದು, ಆದ್ದರಿಂದಲೇ ಯಾರೂ ಅದರ ಮಾತೆತ್ತುವುದಿಲ್ಲ. ಮೊದಲು ಇಡೀ ಆವರಣದ ಅಳತೆ ತೆಗೆದು ನಕ್ಷೆ ಮಾಡಬೇಕು. ಯಾವ ಶೆಡ್ಡು ಮೂಲದ್ದು, ಯಾವುದು ಆಮೇಲೆ ಸೇರಿದ್ದು, ಯಾವುದು ಸಿನಿಮಾದವರು ಬಿಟ್ಟುಹೋದ ಪ್ಲೈವುಡ್ ಗೋಡೆ ಎಂದು ಗುರುತಿಸಬೇಕು. ಹಳೆಯ ಕಾರ್ಖಾನೆಗಳ ಛಾವಣಿಯ ದುರಸ್ತಿಗೆ ಕಲ್ನಾರಿನ ಶೀಟು ಬಳಸುವುದು ಸಾಮಾನ್ಯವಾಗಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಅಂಥ ಶೀಟನ್ನು ಒಡೆಯದೆ, ಒದ್ದೆ ಮಾಡಿ ಬಿಚ್ಚಬೇಕಾಗುತ್ತದೆ. ಬಣ್ಣ ಕಟ್ಟುತ್ತಿದ್ದ ಕಡೆ, ಟ್ರಾನ್ಸ್‌ಫಾರ್ಮರ್ ಇದ್ದ ಕಡೆ, ಎಂಜಿನ್ ಎಣ್ಣೆ ದಶಕಗಟ್ಟಲೆ ಇಂಗಿದ ಕಡೆ ಮಣ್ಣಿನ ಪರೀಕ್ಷೆ ಆಗಬೇಕು. ವೇತನ ಪುಸ್ತಕ, ಯಂತ್ರಗಳ ನಕ್ಷೆ, ಬಟ್ಟೆಯ ಮಾದರಿ ಪುಸ್ತಕಗಳು ಎಲ್ಲಿವೆ ಎಂದು ಹುಡುಕಿ ರಾಜ್ಯ ಪತ್ರಾಗಾರಕ್ಕೆ ಸೇರಿಸಬೇಕು. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಎನ್‌ಟಿಸಿ ನಡೆಸುತ್ತಿದ್ದ ಗಿರಣಿಗಳು ದೇಶದಾದ್ಯಂತ ನಿಂತ ನಂತರ ಇಂಥ ದಾಖಲೆಗಳನ್ನು ದಿನನಿತ್ಯ ನೋಡಿಕೊಳ್ಳುವ ಸಿಬ್ಬಂದಿಯೂ ಕಡಿಮೆಯಾಗಿರುವುದರಿಂದ, ಕಟ್ಟಡದ ಭವಿಷ್ಯದ ಚರ್ಚೆ ಮುಗಿಯುವವರೆಗೆ ಈ ಕೆಲಸವನ್ನು ಮುಂದೂಡಲು ಬರುವುದಿಲ್ಲ.